ನಿಲ್ಲದ ಮುಳ್ಳು

ನಲವತ್ತೆಂಟಕ್ಕೆ ಬಂದು ನಿಂತಿತು ಮುಳ್ಳು, ಲಿಂಗಿಯ ಚೀಲ, ಚೀಲಕ್ಕೆ ಒಂದು ಕಿಲೋ ಕಳೆದು ನಲವತ್ತೇಳು, ಬರೆದುಕೊಂಡೆ, ಕಾಫಿ ಹಣ್ಣಿಗೆ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಈ ತೂಕದ ಯಂತ್ರ, ನಾನು ಹತ್ತಿದರೆ ಮಾತ್ರ ಏನೋ ರೋಗ, ಬೆಳಿಗ್ಗೆಯೂ ಅರವತ್ತೊಂದು ಅರವತ್ತೆರಡರ ನಡುವೆ ನಡುಗುತ್ತಲೇ ಇತ್ತು, ರಿಪೇರಿಯವನಿಗೆ ಹೇಳಬೇಕು ಅಂದುಕೊಂಡು ವಾರವಾಯಿತು — ಅಣ್ಣ ಜಯಪ್ಪ ಎಂಬತ್ತೊಂಬತ್ತು ಕಿಲೋ ಇದ್ದ, ಐವತ್ತಕ್ಕೇ ಎದೆ ಹಿಡಿದುಕೊಂಡು ಮಾದಾಪುರದ ಬಸ್‌ಸ್ಟಾಂಡಿನಲ್ಲೇ ತೀರಿಕೊಂಡ, ನನಗೀಗ ನಲವತ್ತೊಂಬತ್ತು, ಜೂನ್‌ನಲ್ಲಿ ಎಂಬತ್ತೆರಡು ಕಿಲೋ, ಡಾಕ್ಟರು ಎಪ್ಪತ್ತಕ್ಕೆ ಇಳಿಸಿ, ತಿಂಗಳು ಬಿಟ್ಟು ಸಕ್ಕರೆ ನೋಡಲು ರಕ್ತ ಪರೀಕ್ಷೆಗೆ ಬನ್ನಿ ಅಂದರು, ಇಳಿಯುತ್ತಿದೆಯಲ್ಲ, ಮತ್ತೆ ಯಾಕೆ, ಹೋಗಲಿಲ್ಲ, ಎಪ್ಪತ್ತು ಬಂದ ದಿನ ಹಣ್ಣು ಕೊಯ್ಯುವವರಿಗೆಲ್ಲ ಟೀ ಕುಡಿಸಿದೆ, ತೋಟದ ಲೆಕ್ಕ ಬರೆಯುವ ರೈಟರ್ ಬುದ್ಧಿ, ಬೂಟಿಗೂ ಒಂದು ಕಿಲೋ ಕಳೆದೆ, ಮನೆಗೆ ಹೋಗಿ ಅರವತ್ತೊಂಬತ್ತು ಅಂದೆ, ಶಾಂಭವಿ ನಗಲಿಲ್ಲ, ರೀ, ಹೇಗಿದ್ದೀರಿ ಅಂದ್ರೆ ಕಿಲೋ ಹೇಳ್ತೀರಲ್ಲ, ನಾನೇನು ನಿಮ್ಮ ಹೆಂಡ್ತಿನಾ, ಕಾಫಿ ತಗೊಳ್ಳೋ ಸಾಹುಕಾರನಾ — ಬಾಯಿ ಒಣಗುತ್ತದೆ, ಎಷ್ಟು ಕುಡಿದರೂ ಒಣಗುತ್ತದೆ, ನಡಿಗೆ ಜಾಸ್ತಿ, ಬೆವರು ಜಾಸ್ತಿ, ಅದಕ್ಕೇ ಇರಬೇಕು, ಇವತ್ತು ಹನ್ನೊಂದು ಸಾವಿರದ ಆರುನೂರು ಹೆಜ್ಜೆ ಅನ್ನುತ್ತದೆ ಫೋನು, ತೋಟದ ನಾಲ್ಕನೇ ಬ್ಲಾಕಿನ ಏರಿನಲ್ಲಿ ಕೂತುಬಿಟ್ಟದ್ದನ್ನು ಅದು ಹೇಳುವುದಿಲ್ಲ, ಸಿಲ್ವರ್ ಓಕ್ ಮರಗಳು ಎರಡೆರಡಾಗಿ ಕಂಡವು, ಚೀಲ ಹೊತ್ತು ಬಂದ ಲಿಂಗಿ ನಿಂತಳು, ಯಾಕ್ ರೈಟ್ರೇ, ಸುಸ್ತಾ, ಇಲ್ಲ ಲಿಂಗಿ, ಹನ್ನೊಂದು ಸಾವಿರ ಆಯ್ತು, ನಾ ಕೇಳಿದ್ದು ಅದಲ್ಲ ಬುಡಿ, ಚೀಲದ ಮೇಲೆ ಹತ್ತಿ ಕೂತ್ಕಳಿ, ನಿಮ್ಮನ್ನೂ ಹೊತ್ಕೊಂಡ್ ಹೋಯ್ತೀನಿ, ನೀವೀಗ ಎಷ್ಟು ಮಹಾ ಭಾರ — ನನಗೆ ಖುಷಿಯೇ ಆಯಿತು, ಎಷ್ಟು ಮಹಾ ಭಾರ ಅಂದಳಲ್ಲ.

ಕೆಲಸದವರೆಲ್ಲ ಲೈನ್ ಮನೆಗಳಿಗೆ ಹೋದರು, ಈಗ ನಾನು ಹತ್ತುತ್ತೇನೆ, ಅರವತ್ತು, ಅರವತ್ತೊಂದು, ಅರವತ್ತು, ನಿಲ್ಲು, ಉಸಿರು ಹಿಡಿದೆ, ಅರವತ್ತೊಂದು, ಅರವತ್ತು, ಇಳಿದು ಲಿಂಗಿಯ ಚೀಲವನ್ನೇ ಮತ್ತೆ ಎಳೆದು ಇಟ್ಟೆ, ನಲವತ್ತೆಂಟು, ಕಲ್ಲಿನ ಹಾಗೆ ನಿಂತಿತು, ಚೀಲ ತೆಗೆದು ಮತ್ತೆ ನಾನು — ಕೆಳಗೆ ನೋಡುತ್ತೇನೆ, ಪ್ಯಾಂಟು ಅಲ್ಲಾಡುತ್ತಿದೆ, ಗಾಳಿಯಿಲ್ಲ, ಒಂದು ಎಲೆಯೂ ಅಲುಗುತ್ತಿಲ್ಲ, ಮೊಣಕಾಲು, ನನ್ನ ಮೊಣಕಾಲು, ಯಂತ್ರಕ್ಕೇನೂ ಆಗಿಲ್ಲ, ಶಾಂಭವಿಗೆ ಫೋನ್ ಮಾಡಬೇಕು, ಹೇಗಿದ್ದೀರಿ ಅನ್ನುತ್ತಾಳೆ, ಚೆನ್ನಾಗಿಲ್ಲ ಕಣೇ ಅನ್ನಬೇಕು, ಇಷ್ಟೇ, ಅಷ್ಟೂ ಬಾಯಿಗೆ ಬರುತ್ತಿಲ್ಲ, ಬರುವುದು ಅರವತ್ತು, ಅರವತ್ತೊಂದು, ಮುಳ್ಳು, ನಡುಗುವ ಮುಳ್ಳು, ಅರವತ್ತು, ಮುಳ್ಳು