ಹದಿನಾಲ್ಕನೇ ನಂಬರಿನಲ್ಲಿ ಎಷ್ಟು ಜನ

ಇಂಗ್ಲೆಂಡಿನ ಹಲ್ ಊರಿನವರಿಗೆ ಒಂದು ಹಳೆಯ ಸಿಟ್ಟಿದೆ. ಯುದ್ಧದ ಕಾಲದಲ್ಲಿ ಜರ್ಮನ್ ವಿಮಾನಗಳು ಈ ಊರನ್ನು ಬೀದಿಬೀದಿಯಾಗಿ ಪುಡಿಮಾಡಿದವು. ರೇಡಿಯೋದವರು ಮಾತ್ರ ‘ಈಶಾನ್ಯ ಕರಾವಳಿಯ ಒಂದು ಪಟ್ಟಣ’ ಎಂದಷ್ಟೇ ಹೇಳಿ ಮುಂದಿನ ಸುದ್ದಿಗೆ ಹೋದರು. ಸತ್ತವರು ನಮ್ಮವರು, ಊರಿನ ಹೆಸರು ಹೇಳಲಿಕ್ಕೂ ಬಾಯಿ ಬರಲಿಲ್ಲವೇ ಇವರಿಗೆ ಎಂದು ಮುದುಕರು ಈಗಲೂ ಹಲ್ಲು ಕಡಿಯುತ್ತಾರೆ. ಹೆಸರು ಮುಚ್ಚಿಡುವುದರಲ್ಲಿ ನಾವೇನೂ ಕಡಿಮೆಯಲ್ಲ, ಅದು ಬೇರೆ ಮಾತು.

ಎನಿಡ್ ಕಾರ್ವಿಲ್ ಇದೇ ಊರಿನ ಮೀನುಗಾರರ ಕೇರಿಯಲ್ಲಿ ಪ್ರಾಥಮಿಕ ಶಾಲೆಯ ಟೀಚರು. ಐವತ್ತೆಂಟು ವರ್ಷ, ಜುಲೈ ಬಂದರೆ ನಿವೃತ್ತಿ. ಪ್ರತಿ ವರ್ಷ ಮೇ ತಿಂಗಳಲ್ಲಿ ಎಂಟು ವರ್ಷದ ಮಕ್ಕಳಿಗೆ ಯುದ್ಧದ ಪಾಠ ಅವಳದೇ. ಮೇಜುಗಳಿಗೆ ಕಂಬಳಿ ಹೊದಿಸಿ, ಬಾಂಬ್ ದಾಳಿಯಲ್ಲಿ ಅಡಗುವ ಶೆಲ್ಟರ್ ಮಾಡಿಸುವಳು, ಚಪ್ಪಲಿ ಡಬ್ಬಿಗೆ ದಾರ ಕಟ್ಟಿಸಿ ಗ್ಯಾಸ್ ಮುಖವಾಡದ ಪೆಟ್ಟಿಗೆ ಮಾಡಿಸುವಳು, ಸಕ್ಕರೆ ಸಾಲದೆ ಕ್ಯಾರೆಟ್ ತುರಿದು ಹಾಕುತ್ತಿದ್ದ ಬಿಸ್ಕತ್ತನ್ನು ಬೇಯಿಸಿ ತರುವಳು. ಸೈರನ್ನಿನ ಟೇಪನ್ನು ಮಾತ್ರ ಹಾಕಿದವಳಲ್ಲ. ಯಂತ್ರ ಕೆಟ್ಟಿದೆ ಎನ್ನುವಳು. ಹದಿನೈದು ವರ್ಷದಿಂದ ಕೆಟ್ಟೇ ಇರುವ ಯಂತ್ರ! ಆ ಕಾಲದಲ್ಲಿ ತಾನೂ ಇದೇ ಕೇರಿಯ ಹುಡುಗಿಯಾಗಿದ್ದೆ ಎಂದು ಅವಳು ಒಂದು ವರ್ಷವೂ ಹೇಳಿರಲಿಲ್ಲ.

ಆ ವರ್ಷ ಮಕ್ಕಳು ಚರ್ಚಿಗೆ ಹೋಗಿ, ಬಾಂಬಿಗೆ ಸತ್ತವರ ಪಟ್ಟಿಯನ್ನು ಮನೆ ನಂಬರಿನ ಸಮೇತ ಬರೆದುಕೊಂಡು ಬಂದಿದ್ದರು. ಮಾರನೆಯ ದಿನ ಕೆರಿ ಸ್ಟ್ಯಾದರ್ಸ್ ಎಂಬ ಹುಡುಗಿ ಒಂದು ಬಿಸ್ಕತ್ತಿನ ಡಬ್ಬಿ ಹಿಡಿದು ಬಂದಳು. ಒಳಗೆ ಕಪ್ಪು ರಟ್ಟಿನ ಪುಸ್ತಕ.

“ನಮ್ಮ ಮುತ್ತಜ್ಜಂದು ಮಿಸ್. ಯುದ್ಧದ ಟೈಮಲ್ಲಿ ಅವರು ಈ ಬೀದಿಗೆಲ್ಲ ವಾರ್ಡನ್ ಆಗಿದ್ರು. ದಿನಾ ಸಂಜೆ ಮನೆಮನೆಗೆ ಹೋಗಿ, ಇವತ್ತು ಎಷ್ಟು ಜನ, ಎಲ್ಲಿ ಮಲಗ್ತೀರಾ ಅಂತ ಕೇಳಿ ಬರ್ಕೊಳ್ತಿದ್ರಂತೆ. ಬಾಂಬ್ ಬಿದ್ದು ಜನ ಅಡಿಯಲ್ಲಿ ಸಿಕ್ಕಿಕೊಂಡ್ರೆ ಎಲ್ಲಿ ಅಗೀಬೇಕು ಅಂತ ಗೊತ್ತಾಗ್ಬೇಕಲ್ಲ, ಅದಕ್ಕೆ.”

ಎನಿಡ್‌ಗೆ ಆ ಪುಸ್ತಕ ಗೊತ್ತು. ಅದರ ದಾರಕ್ಕೆ ಕಟ್ಟಿದ್ದ ಪೆನ್ಸಿಲ್ಲೂ ಗೊತ್ತು. ಅದನ್ನು ಬರೆದ ವಾಲ್ಟರ್ ಸ್ಟ್ಯಾದರ್ಸ್ ಕಳೆದ ವರ್ಷ ಸತ್ತಾಗ ಅವಳು ಚರ್ಚಿನ ಕಡೇ ಬೆಂಚಿನಲ್ಲಿ ಕೂತು, ಹಾಡು ಮುಗಿಯುವ ಮೊದಲೇ ಎದ್ದು ಬಂದಿದ್ದಳು.

ಮಕ್ಕಳ ಕಣ್ಣು ಬಲು ಚುರುಕು. ಪುಸ್ತಕವನ್ನೂ ಚರ್ಚಿನ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ಬೆರಳಾಡಿಸುತ್ತಿದ್ದ ಕ್ರೇಗ್ ಕೂಗಿದ.

“ಮಿಸ್, ಇಲ್ಲಿ ತಪ್ಪಾಗಿದೆ! ಪುಸ್ತಕದಲ್ಲಿ ಬಾಂಬ್ ಬಿದ್ದ ದಿನ ನಂಬರ್ ಹದಿನಾಲ್ಕು, ನಾಲ್ಕು ಜನ, ಎಲ್ಲರೂ ಶೆಲ್ಟರ್, ಮನೆ ಖಾಲಿ ಅಂತ ಬರ್ದಿದಾರೆ. ಆದ್ರೆ ಚರ್ಚಿನ ಪಟ್ಟೀಲಿ ಹದಿನಾಲ್ಕರಲ್ಲಿ ಒಬ್ಬಳು ಸತ್ತಿದಾಳೆ. ಮಾವಿಸ್ ಬ್ಲೆನ್ಕಿನ್, ಹದಿನೇಳು ವರ್ಷ.”

“ಹಂಗಾದ್ರೆ ಅವಳನ್ನ ಅಗ್ದು ತೆಗೀಲೇ ಇಲ್ವಾ?” ಎಂದಿತು ಹಿಂದಿನಿಂದ ಒಂದು ದನಿ.

“ಕೆರಿ ಮುತ್ತಜ್ಜಂಗೆ ಎಣಿಸೋಕೇ ಬರ್ತಿರ್ಲಿಲ್ಲ!”

ನಗು ಎದ್ದಿತು. ಎನಿಡ್ ಬಾಯಿ ತೆರೆದಳು. ಬಂದದ್ದು ಇಷ್ಟೆ: “ಗಡಿಬಿಡೀಲಿ ತಪ್ಪಾಗಿರಬಹುದು. ಪುಸ್ತಕ ಮುಚ್ಚಿ, ಆಟಕ್ಕೆ ಹೋಗಿ.” ಗಂಟೆಗೆ ಇನ್ನೂ ಐದು ನಿಮಿಷವಿತ್ತು.

ಕಿಟಕಿಯ ಬಳಿ ನಿಂತು ನೋಡಿದಳು. ಅಂಗಳದಲ್ಲಿ ಏಳೆಂಟು ಮಕ್ಕಳು ಕೆರಿಯನ್ನು ಸುತ್ತುಗಟ್ಟಿದ್ದರು. “ನಿಮ್ಮಜ್ಜ ಕೊಂದ, ನಿಮ್ಮಜ್ಜ ಕೊಂದ,” ಎಂದು ಕ್ರೇಗ್ ಕುಣಿಯುತ್ತಿದ್ದ. ಕೆರಿ ಡಬ್ಬಿಯನ್ನು ಎದೆಗವಚಿಕೊಂಡು ನೆಲ ನೋಡುತ್ತಿದ್ದಳು. ಐವತ್ತು ವರ್ಷದ ಹಿಂದೆ ಬೀದಿಯ ಹೆಂಗಸರು ವಾಲ್ಟರನಿಗೆ ಅಂದದ್ದೂ ಇದನ್ನೇ, ದೊಡ್ಡವರ ಮಾತಿನಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆತ ತುಟಿ ಪಿಟಕ್ಕೆನ್ನಲಿಲ್ಲ. ವಾರ್ಡನ್ ಕೆಲಸ ಬಿಟ್ಟ, ಅಷ್ಟೆ. ಆಮೇಲೆ ಎನಿಡ್ ಆತನನ್ನು ಕಂಡಾಗಲೆಲ್ಲ ರಸ್ತೆ ದಾಟಿ ಆಚೆಬದಿಗೆ ಹೋಗುತ್ತಿದ್ದಳು. ಆತ ಆ ಕಡೆಯಿಂದಲೇ ಟೋಪಿ ಮುಟ್ಟಿ ನಮಸ್ಕರಿಸುತ್ತಿದ್ದ. ಥೂ ನನ್ನ ಜನ್ಮಕ್ಕೆ, ಎಂದುಕೊಂಡಳು ಎನಿಡ್. ನನ್ನ ತಪ್ಪನ್ನು ಆ ಮುದುಕನ ತಲೆಗೆ ಕಟ್ಟಿದ್ದು ಸಾಲದೆ ಈಗ ಈ ಕೂಸಿನ ತಲೆಗೂ ಕಟ್ಟಲೇ?

ಮಕ್ಕಳು ಒಳಗೆ ಬಂದ ಮೇಲೆ ಅವಳು ಬಾಗಿಲು ಹಾಕಿ, ಮಕ್ಕಳ ಪುಟ್ಟ ಕುರ್ಚಿಯೊಂದನ್ನು ಎಳೆದುಕೊಂಡು ನಡುವೆ ಕೂತಳು.

“ಪುಸ್ತಕದಲ್ಲಿ ತಪ್ಪಿದೆ, ನಿಜ. ಆದ್ರೆ ಬರೆದೋರ ತಪ್ಪಲ್ಲ. ಹೇಳಿದೋರ ತಪ್ಪು. ಹೇಳಿದ್ದು ನಾನು.”

ಚರ್ಚಿನ ಪಟ್ಟಿಯಲ್ಲಿದ್ದ ಆ ಹೆಸರಿನ ಮೇಲೆ ಬೆರಳಿಟ್ಟಳು.

“ಮಾವಿಸ್ ನಮ್ಮಕ್ಕ. ಮದುವೆಗೆ ಮುಂಚೆ ನಾನೂ ಎನಿಡ್ ಬ್ಲೆನ್ಕಿನ್. ಆಗ ನಿಮ್ಮಷ್ಟೇ ಇದ್ದೆ. ಅಕ್ಕ ಮೀನಿಗೆ ಹೊಗೆ ಹಾಕೋ ಕಾರ್ಖಾನೇಲಿ ಕೆಲಸ ಮಾಡ್ತಿದ್ಲು. ಮೂರು ರಾತ್ರಿ ಶೆಲ್ಟರ್‌ನಲ್ಲಿ ಕೂತೇ ಕಳೆದು ಅವಳಿಗೆ ಸಾಕಾಗಿತ್ತು. ಗೆಳತಿ ಮನೆ ಶೆಲ್ಟರ್‌ಗೆ ಹೋಗ್ತೀನಿ ಅಂತ ಅಮ್ಮಂಗೆ ಸುಳ್ಳು ಹೇಳಿ, ಮಹಡಿ ಮೇಲೆ ತನ್ನ ಹಾಸಿಗೇಲಿ ಮಲಗಿದ್ಲು. ವಾರ್ಡನ್‌ಗೆ ಉತ್ತರ ಹೇಳೋ ಕೆಲಸ ನಂದು. ‘ನಾಲ್ಕೂ ಜನ ಶೆಲ್ಟರ್ ಅಂತ ಹೇಳೇ ನನ್ ಬಂಗಾರಿ, ನನ್ ಹಸಿರು ರಿಬ್ಬನ್ ನಿಂಗೇ’ ಅಂದ್ಲು. ಹೇಳ್ದೆ.”

“ಬಾಂಬ್ ಬಿದ್ಮೇಲೂ ಹೇಳ್ಲಿಲ್ವಾ ಮಿಸ್?” ಎಂದ ಕ್ರೇಗ್. ಅವನ ದನಿ ತಗ್ಗಿತ್ತು.

ಆ ಪ್ರಶ್ನೆಯನ್ನು ಅವಳು ತನಗೆ ತಾನೇ ಕೇಳಿಕೊಳ್ಳದ ದಿನವಿರಲಿಲ್ಲ.

“ಇಲ್ಲ ಕಣೋ. ವಾರ್ಡನ್ ಶೆಲ್ಟರ್ ಬಾಗಿಲಿಗೆ ಬಂದು, ಟಾರ್ಚ್ ಬೆಳಕಲ್ಲಿ ಪುಸ್ತಕ ನೋಡಿ, ‘ಹದಿನಾಲ್ಕು ಬಿದ್ದಿದೆ, ಆದ್ರೆ ಖಾಲಿ, ಇಪ್ಪತ್ತನೇ ಮನೆಗೆ ನಡೀರಿ’ ಅಂತ ಅಗೆಯೋರಿಗೆ ಅಂದ್ರು. ನಾನು ಅಲ್ಲೇ ಕೂತಿದ್ದೆ. ಅಕ್ಕಂಗೆ ಮಾತು ಕೊಟ್ಟಿದ್ದೆ. ಅಮ್ಮ ಬೈತಾಳೆ ಅಂತ ಹೆದರಿಕೆ. ವಾರ್ಡನ್ ಖಾಲಿ ಅಂತ ಬರೆದ್ಮೇಲೆ ಖಾಲೀನೇ ಇರಬೇಕು, ಅವಳು ಎದ್ದು ಹೋಗಿರಬೇಕು ಅಂತಾನೂ ಅನ್ನಿಸ್ತು. ಬೆಳಗಾದ್ಮೇಲೆ ಅಮ್ಮಂಗೆ ಹೇಳ್ದೆ. ಮಧ್ಯಾಹ್ನ ಸಿಕ್ಕಿದ್ಲು. ಬೆಳಗಿನ ಜಾವದವರೆಗೂ ಉಸಿರಾಡ್ತಿದ್ಲು ಅಂತ ಡಾಕ್ಟರು ಅಂದ್ರು. ನನ್ನ ಮುಂದೇನೇ ಅಂದ್ರು, ನಾನು ಮಗು, ಅರ್ಥ ಆಗಲ್ಲ ಅಂತ.”

ಎನಿಡ್ ಕೆರಿಯ ಕಡೆ ತಿರುಗಿದಳು.

“ಅಮ್ಮ ನಂಗೆ ಒಂದು ಏಟೂ ಹೊಡೀಲಿಲ್ಲ. ‘ಯಾರ ಹತ್ರಾನೂ ಬಾಯಿ ಬಿಡಬೇಡ’ ಅಂದ್ಲು. ಇವತ್ತಿನವರೆಗೂ ಬಿಡ್ಲಿಲ್ಲ. ಊರೋರು ಕೆರಿ ಮುತ್ತಜ್ಜನ್ನ ಬೈದ್ರು. ಹದಿನಾಲ್ಕರ ಹುಡುಗೀನೇ ಹಂಗೆ ಹೇಳಿದ್ದು ಅಂತ ಅವರು ಒಂದು ಮಾತು ಅಂದಿದ್ರೆ ಮುಗೀತಿತ್ತು. ಅನ್ಲಿಲ್ಲ.”

ಕೆರಿ ನಿಧಾನವಾಗಿ ಎದ್ದು ಬಂದಳು. ಕೆನ್ನೆ ಇನ್ನೂ ಒದ್ದೆಯಾಗಿತ್ತು.

“ನಮ್ಮನೇಲೂ ಅಂದಿಲ್ಲ ಮಿಸ್. ಹದಿನಾಲ್ಕರ ವಿಷಯ ಬಂದ್ರೆ ‘ನಾನೇ ಒಂದ್ಸಲ ಮಹಡಿ ಹತ್ತಿ ನೋಡ್ಬೇಕಿತ್ತು’ ಅಂತಿದ್ರು, ಅಷ್ಟೆ.” ಆಮೇಲೆ ಕೇಳಿದಳು: “ನೀವು ಅವರಿಗೆ ಸಾರಿ ಹೇಳಿದ್ರಾ?”

“ಇಲ್ಲ ಕಂದಾ. ಐವತ್ತು ವರ್ಷ ಟೈಮ್ ಇತ್ತು. ಹೇಳ್ಲಿಲ್ಲ.”

ಹುಡುಗಿ ಡಬ್ಬಿ ತೆರೆದು, ಆ ಪುಟ ಬಿಡಿಸಿ ಎನಿಡ್‌ಳ ಮಡಿಲಲ್ಲಿಟ್ಟು, ದಾರದ ಪೆನ್ಸಿಲ್ಲನ್ನು ಕೈಗೆ ಕೊಟ್ಟಳು.

“ಸರಿ ಮಾಡಿ ಮಿಸ್. ತಪ್ಪಾದ್ರೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾಗಿ ಬರೀಬೇಕು ಅಂತ ನೀವೇ ಹೇಳ್ತೀರಲ್ಲ.”

ಎನಿಡ್ ‘ಎಲ್ಲರೂ ಶೆಲ್ಟರ್’ ಎಂಬುದರ ಮೇಲೆ ಗೆರೆ ಎಳೆದಳು, ‘ಮನೆ ಖಾಲಿ’ ಎಂಬುದರ ಮೇಲೂ ಎಳೆದಳು. ಪಕ್ಕದಲ್ಲಿ ಬರೆದಳು: ಮೂವರು ಶೆಲ್ಟರ್. ಒಬ್ಬಳು ಮಹಡಿ, ಹಿಂದಿನ ಕೋಣೆ, ಕಿಟಕಿ ಪಕ್ಕದ ಮಂಚ.

ಮಕ್ಕಳೆಲ್ಲ ಅವಳ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು. ಕ್ರೇಗ್ ಆ ಸಾಲನ್ನು ಪಿಸುದನಿಯಲ್ಲಿ ಓದಿಕೊಂಡ.

“ಈಗ ಎಲ್ಲಿ ಅಗೀಬೇಕು ಅಂತ ಅವರಿಗೆ ಗೊತ್ತಾಗತ್ತೆ, ಅಲ್ವಾ ಮಿಸ್?”

“ಹೂಂ ಕಣೋ,” ಎಂದಳು ಎನಿಡ್. “ಈಗ ಗೊತ್ತಾಗತ್ತೆ.” ಮಕ್ಕಳ ಮುಂದೆ ಅಳಬಾರದೆಂದು ಮೂವತ್ತು ವರ್ಷ ಕಾಪಾಡಿಕೊಂಡು ಬಂದದ್ದನ್ನು ಬಿಟ್ಟು, ಆ ಪುಟ್ಟ ಕುರ್ಚಿಯಲ್ಲಿ ಕೂತು ಅತ್ತಳು.