ಹಮಾಗುಚಿ ಧೂಮಕೇತುವಿಗೆ ಕರಡಿ ಬೇಕೆ?

ಕಥೆಯನ್ನು ಎಲ್ಲಿಂದ ಶುರುಮಾಡಿದರೂ ಅಪ್ಪ ಮೊದಲೇ ಬಂದು ಕೂತುಬಿಟ್ಟಿರುತ್ತಾನೆ. ಇದು ಕಥೆ ಬರೆಯಲು ಕೂತ ಚಿನಾತ್ಸುವಿನ ಚಿಂತೆ. ಯಾರಿಗೂ ಹೇಳಿಲ್ಲ, ತನಗಷ್ಟೇ ಹೇಳಿಕೊಂಡಿದ್ದಾಳೆ. (ಓದುಗರೇ, ಕೇಳಿಸಿಕೊಂಡಿದ್ದರೆ ಸುಮ್ಮನಿರಿ.)

೧
ಸೂರ್ಯನನ್ನು ಸುತ್ತಿಕೊಂಡು ಏಳು ವರ್ಷಕ್ಕೊಮ್ಮೆ ಮರಳುವ ಧೂಮಕೇತುವೊಂದಿದೆ. ಮೊದಲು ಕಂಡವರ ಮನೆತನದ ಹೆಸರನ್ನು ಅದಕ್ಕಿಡುವುದು ರೂಢಿ. ಹಾಗಾಗಿ ಇದು ಹಮಾಗುಚಿ. ಜಪಾನಿನ ಕೊಚಿಯ ಕಡಲತಡಿಯ ಊರಲ್ಲಿ ಕ್ಷೌರದಂಗಡಿ ಇಟ್ಟಿರುವ ಅಪ್ಪನೂ ಹಮಾಗುಚಿ. ಮಗಳು ಚಿನಾತ್ಸುವೂ ಹಮಾಗುಚಿಯೇ.
(ಹೊಡೆದುಹಾಕಿದೆ. ಪಠ್ಯಪುಸ್ತಕದ ವಾಸನೆ.)

೨
ಧೂಮಕೇತು ಈ ವಾರ ಮರಳಿದೆ. ಅದನ್ನು ಕಂಡುಹಿಡಿದ ಬಗ್ಗೆ ಸಂಜೆ ಪುರಭವನದಲ್ಲಿ ಅಪ್ಪನ ಭಾಷಣ. ಬೆಳಿಗ್ಗೆಯೇ ಅಂಗಡಿಯಲ್ಲಿ ರಿಹರ್ಸಲ್ಲು. ಕುರ್ಚಿಯಲ್ಲಿ ಮುಖದ ತುಂಬ ನೊರೆ ಹೊತ್ತ ಮೊರಿಸಾಕಿ ಅಜ್ಜ.

"ಚಳಿ ಅಂದ್ರೆ ಚಳಿ! ಬೆನ್ನ ಹಿಂದೆ ಕರಡಿ ಬೇರೆ. ನಾನು ಬೈನಾಕ್ಯುಲರ್ ಬಿಡ್ಲಿಲ್ಲ ನೋಡಿ."

"ಹೋದ ಸಲ ಕಾಡುಹಂದಿ ಇತ್ತಲ್ಲೋ?"

"ಬೆಳೀತು, ಅಜ್ಜ."

"ಸರಿ ಬಿಡಪ್ಪ, ಕತ್ತಿ ನಿನ್ ಕೈಲಿದೆ. ನಂಬ್ತೀನಿ."

ಮತ್ತೆ ೨
ಅಪ್ಪ ಹಾಳೆಯೊಳಗಿಂದಲೇ ಜಗಳಕ್ಕೆ ಬಂದ. "ಈ ಡ್ರಾಫ್ಟಲ್ಲಿ ಕರಡೀನ ಯಾಕೆ ತೆಗೆದೆ?"

"ಇರ್ಲಿಲ್ಲ ಅಪ್ಪಾ."

"ನೀನು ನೋಡಿದ್ಯಾ?"

(ನೋಡಿದ್ದಳು. ಆಗಿನ್ನೂ ಶಾಲೆಯ ಹುಡುಗಿ. ಬೆಳಗಿನ ಜಾವ ಅಪ್ಪ ಚಹಾ ಬಗ್ಗಿಸಿಕೊಳ್ಳಲು ಹೋದಾಗ ಅವನ ಬೈನಾಕ್ಯುಲರಿಗೆ ಕಣ್ಣಿಟ್ಟಳು. ಒಂದು ಮಸುಕು. ತನ್ನ ಉಸಿರಿನ ಮಂಜಿರಬೇಕೆಂದು ಗಾಜನ್ನು ತೋಳಿನಿಂದ ಒರೆಸಿದಳು. ಹೋಗಲಿಲ್ಲ. ಬೈಸಿಕೊಳ್ಳುವ ಭಯಕ್ಕೆ, "ಗಾಜು ಕೊಳೆಯಾಗಿದೆ" ಎಂದು ಸರಿದು ನಿಂತಳು. ಅಪ್ಪ ನೋಡಿದ, ಕಿರುಚಿದ, ವೀಕ್ಷಣಾಲಯಕ್ಕೆ ಫೋನು ಮಾಡಿದ. ಹೆಸರು ಕೇಳಿದರು. "ಹಮಾಗುಚಿ" ಎಂದ. ಅದರಲ್ಲಿ ಸುಳ್ಳೇನಿತ್ತು?)

೪
(ಮೂರನ್ನು ಅಪ್ಪ ಕರಡಿಗೆ ಕಾಯ್ದಿರಿಸಿದ್ದಾನೆ.) ಅಂತ್ಯಗಳು ಎರಡಿವೆ. ಕರಡಿ ನಿಜವಾಗಿಯೂ ಬಂದು ಅಪ್ಪನನ್ನು ತಿನ್ನುತ್ತದೆ; ಚೆನ್ನಾಗಿದೆ, ಆದರೆ ಭಾಷಣ ಯಾರು ಮಾಡುವುದು? ಇಲ್ಲವೇ, ಚಿನಾತ್ಸು ಇನ್ನೊಂದು ಸುತ್ತು, ಅಂದರೆ ಇನ್ನೇಳು ವರ್ಷ, ಬಾಯಿಮುಚ್ಚಿಕೊಂಡಿರುತ್ತಾಳೆ. ಅಷ್ಟರಲ್ಲಿ ಕರಡಿ ಎರಡಾಗಿರುತ್ತವೆ.

೫
ಅಂಗಡಿ. ಅಪ್ಪ ಬ್ರಷ್ಷಿನ ನೊರೆಯಲ್ಲಿ ಕನ್ನಡಿಯ ಮೇಲೆ ಕಕ್ಷೆ ಬರೆದ: ಉದ್ದನೆಯ ಮೊಟ್ಟೆಯಾಕಾರ, ನಟ್ಟನಡುವೆ ದಪ್ಪನೆಯ ಸೂರ್ಯ.

"ಸೂರ್ಯ ನಡುವೆ ಇರಲ್ಲ, ಅಪ್ಪಾ."

ಚಿನಾತ್ಸು ಎದ್ದುಬಂದು ಸೂರ್ಯನನ್ನು ತೋಳಿನಿಂದ ಒರೆಸಿ, ಒಂದು ಪಕ್ಕಕ್ಕೆ ಬೆರಳಲ್ಲಿ ಹೊಸ ಚುಕ್ಕೆ ಇಟ್ಟಳು. ಅಪ್ಪನ ಕತ್ತಿ ಗಾಳಿಯಲ್ಲಿ ನಿಂತಿತು. ಅಜ್ಜ ಒಂದೇ ಕಣ್ಣು ತೆರೆದ.

(ಅಪ್ಪ ಏನಂದನೆಂದು ಕೇಳಬೇಡಿ. ಭಾಷಣ ಯಾರದಾಯಿತೆಂದೂ ಕೇಳಬೇಡಿ. ಅದನ್ನು ನಾನು ಬರೆಯುವುದಿಲ್ಲ.)

"ಅವತ್ತು ಗಾಜು ಕೊಳೆ ಆಗಿರ್ಲಿಲ್ಲ. ಮೊದ್ಲು ನೋಡಿದ್ದು ನಾನು."