ಗ್ಯಾರೇಜಿನವರು ಸಿನಿಮಾ ನೋಡಿದ್ದು

ನನ್ನ ಯಜಮಾನರ ಬಲಗೈ ನಡುಗುವುದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ಒಪ್ಪಿಕೊಳ್ಳುವುದು ಮಾತ್ರ ಗೊತ್ತಿರಲಿಲ್ಲ. ಚಹಾ ಚೆಲ್ಲಿದರೆ ಲೋಟದ ತಪ್ಪು, ಬೋಲ್ಟು ಜಾರಿದರೆ ಬೋಲ್ಟಿನ ತಪ್ಪು. ಡಾಕ್ಟರ ಹೆಸರೆತ್ತಿದರೆ ಮೂಗಿನ ತುದಿಯಲ್ಲೇ ಕೋಪ. ಗ್ಯಾರೇಜಿನಲ್ಲಿ ಬ್ರೇಕ್ ರಿಪೇರಿ ಮಾಡುವ ಮನುಷ್ಯ. ಒಂದು ಬೋಲ್ಟು ಸಡಿಲ ಉಳಿದರೆ ಯಾರದೋ ಜೀವ ಹೋದೀತು ಎಂದು ನನಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

ನೇರವಾಗಿ ಹೇಳಿದರೆ ಕಿವಿಗೆ ಹಾಕಿಕೊಳ್ಳುವ ಪೈಕಿಯಲ್ಲ. ಹಾಗಾಗಿ ಸುಳ್ಳು ಹೇಳಿದೆ. "ಭಾರಿ ಫೈಟಿಂಗ್ ಪಿಕ್ಚರಂತೆ, ಬನ್ನಿ" ಎಂದು ಅವರನ್ನೂ ಅವರ ಜೊತೆ ಕೆಲಸ ಮಾಡುವ ದಡಿಯನನ್ನೂ ಎಳೆದುಕೊಂಡು ಹೋದೆ. ಪೋಸ್ಟರಿನಲ್ಲಿ ನಾಯಕ ಮುಷ್ಟಿ ಬಿಗಿದು ನಿಂತಿದ್ದ. ಒಳಗೆ ನೋಡಿದರೆ ಆ ಮುಷ್ಟಿಯಲ್ಲಿದ್ದದ್ದು ಸೋಪು! ಕುಸ್ತಿ ಬಿಟ್ಟ ಪೈಲ್ವಾನ, ಹಾಸಿಗೆ ಹಿಡಿದ ಗೆಳೆಯನಿಗೆ ಸ್ನಾನ ಮಾಡಿಸುತ್ತಾನೆ. ಗೆಳೆಯ ನಾಚಿಕೆಗೆ ಬಾಯಿಗೆ ಬಂದಂತೆ ಬೈಯುತ್ತಾನೆ, ಇವನು ಬೈಸಿಕೊಳ್ಳುತ್ತಲೇ ಬೆನ್ನು ಉಜ್ಜುತ್ತಾನೆ. ಇಡೀ ಸಿನಿಮಾದಲ್ಲಿ ಒಂದು ಏಟೂ ಬೀಳಲಿಲ್ಲ.

"ಫೈಟು ಯಾವಾಗ?" ಎಂದು ಯಜಮಾನರು ಒಮ್ಮೆ ಗೊಣಗಿದರು. ಆಮೇಲೆ ಪರದೆಯಿಂದ ಕಣ್ಣು ಕೀಳಲಿಲ್ಲ.

ದೀಪ ಹತ್ತಿದಾಗ ನನಗೆ ನಗು ತಡೆಯಲಾಗಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರೂ ಗ್ಯಾರೇಜಿನವರ ಜೇಬಿನಲ್ಲಿ ಗ್ರೀಸು ಒರೆಸುವ ಚಿಂದಿ ಇದ್ದೇ ಇರುತ್ತದೆ. ಕತ್ತಲಲ್ಲಿ ಇಬ್ಬರೂ ಕದ್ದು ಅದರಲ್ಲೇ ಕಣ್ಣೊರೆಸಿಕೊಂಡಿದ್ದರು. ಇಬ್ಬರ ಮುಖವೂ ಮಸಿ.

"ಏನೋ, ಅಳ್ತಿದ್ಯಾ?" ಎಂದರು ಯಜಮಾನರು.

"ಧೂಳು ಬಿತ್ತಣ್ಣ" ಎಂದ ದಡಿಯ. "ನಿಮಗೆ?"

"ನಂಗೂ ಧೂಳೇ."

ಆಮೇಲೆ ಯಜಮಾನರು ಜೇಬಿನಿಂದ ಬಲಗೈ ಹೊರತೆಗೆದು ಮಂಡಿಯ ಮೇಲಿಟ್ಟರು. "ಲೋ, ಕೈ ನಡುಗುತ್ತೆ ಕಣೋ. ಭಯ ಆಗುತ್ತೆ."

"ಗೊತ್ತಣ್ಣ. ನೀವು ಊಟಕ್ಕೆ ಹೋದಾಗೆಲ್ಲ ನಿಮ್ಮ ಬೋಲ್ಟನ್ನ ನಾನೇ ಇನ್ನೊಂದ್ಸಲ ಬಿಗಿ ಮಾಡ್ತಿದ್ದೆ."

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಯಜಮಾನರು ಮಾತ್ರ ರೇಗಿದರು. "ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?"

"ಹೇಳಿದ್ರೆ ನೀವು ಅಳ್ತಿದ್ರಿ."

ದಡಿಯ ಆ ನಡುಗುವ ಕೈಯನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು ಗಟ್ಟಿಯಾಗಿ ಹಿಡಿದ. ಕಸ ಗುಡಿಸುವವನು ಬಂದು "ಏಳ್ರಿ, ಮುಂದಿನ ಶೋ ಇದೆ" ಎಂದರೂ ಇಬ್ಬರೂ ಏಳಲಿಲ್ಲ.

"ನಾಳೆ ಡಾಕ್ಟರ ಹತ್ರ ಹೋಗೋಣ, ಜೊತೆಗೆ ಬಾ" ಎಂದರು ಯಜಮಾನರು. ನನಗಲ್ಲ, ಅವನಿಗೆ. ನನಗೆ ಹೊಟ್ಟೆಕಿಚ್ಚಾಯಿತು. ಕಣ್ಣಿಗೆ ಏನೋ ಧೂಳೂ ಬಿತ್ತು.